ಸೂಚೌದಿಂದ ಅಕ್ಕ ತಂದ ಕಿಟಕಿ

ನಮ್ಮ ಬೀದಿಗೆಲ್ಲ ಅಕ್ಕನಾಗಿದ್ದ ನೆರೆಮನೆಯ ಅಕ್ಕ ಯಾವ ವಸ್ತುವನ್ನು ಕೈಗೆತ್ತಿಕೊಂಡರೂ ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ರೇಷ್ಮೆಗೂಡು ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲು ಶಿಡ್ಲಘಟ್ಟದವರು ಹಾಗೆ ಮಾಡುತ್ತಾರೆ. ಗೂಡು ಚೆನ್ನಾಗಿದ್ದರೆ ಒಳಗಿನ ಹುಳು ಲೊಟಲೊಟ ಎಂದು ಸದ್ದು ಮಾಡುತ್ತದೆ. ಅಕ್ಕನಿಗೆ ಅದು ಕೈಗೆ ಹತ್ತಿದ ಚಾಳಿಯೇ ಆಗಿಬಿಟ್ಟಿತ್ತು. ತೆಂಗಿನಕಾಯಿಯಾದರೂ ಸರಿ, ಬೆಂಕಿಪೊಟ್ಟಣವಾದರೂ ಸರಿ. ನನ್ನ ಮಗಳ ನಾಮಕರಣಕ್ಕೆ ಬಂದ ಉಡುಗೊರೆಗಳನ್ನು ಒಂದೊಂದಾಗಿ ಕಿವಿಗೆ ಹಿಡಿದು, ಇದು ಸ್ಟೀಲು, ಇದು ಪ್ಲಾಸ್ಟಿಕ್ಕು, ಇದು ಯಾರೋ ಅವರ ಮನೆಗೆ ಬಂದಿದ್ದನ್ನು ನಿನಗೆ ದಾಟಿಸಿದ್ದಾರೆ ಎಂದು ಬಿಚ್ಚುವ ಮೊದಲೇ ಹೇಳಿ ಪಕ್ಕಕ್ಕಿಟ್ಟರು. ಸ್ಟೀಲು ಎಂದದ್ದು ಗಾಜಾಗಿತ್ತು. ಆದರೆ ಆ ಕೊನೆಯದರ ಒಳಗೆ ಬೇರೆ ಮಗುವಿನ ಹೆಸರು ಬರೆದ ಚೀಟಿ ನಿಜವಾಗಿಯೂ ಇತ್ತು.

ಹೋದ ತಿಂಗಳು ಅಕ್ಕ ತೀರಿಕೊಂಡರು. ವಯಸ್ಸಾಗಿತ್ತು. ಬೆಳಿಗ್ಗೆ ಕಾಫಿ ಕುಡಿದು, ಸಕ್ಕರೆ ಕಡಿಮೆಯಾಯಿತೆಂದು ಸೊಸೆಗೆ ಎರಡು ಮಾತು ಹೇಳಿ, ಸ್ವಲ್ಪ ಒರಗುತ್ತೀನಿ ಎಂದವರು ಏಳಲಿಲ್ಲವಂತೆ. ನಾವು ಈಗ ಚಿಕ್ಕಬಳ್ಳಾಪುರದಲ್ಲಿ ಇದ್ದೇವೆ. ವೈಕುಂಠ ಸಮಾರಾಧನೆಗೆ ಹೋದಾಗ ಬಂದವರೆಲ್ಲ ಗಂಭೀರವಾಗಿ ಕೂತಿದ್ದರು. ನನಗೆ ಮಾತ್ರ ಚೀನಾದ ತೋಟದಲ್ಲಿ ಅಕ್ಕ ನಿಂತಿದ್ದ ಭಂಗಿಯೇ ನೆನಪಾಗಿ ನಗು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಪಕ್ಕದವರು ಅಳುತ್ತಿದ್ದಾಳೆಂದು ತಿಳಿದು ಬೆನ್ನು ಸವರಿದರು.

ನಾನು ಕಾನ್ವೆಂಟಿನಲ್ಲಿ ಓದಿದವಳು. ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದಾಗ ಆ ಬೀದಿಯಲ್ಲಿ ನನ್ನಷ್ಟು ಮೆಲ್ಲಗೆ ಮಾತಾಡುವವರು ಇನ್ನೊಬ್ಬರು ಇರಲಿಲ್ಲ. ನೂಲು ತೆಗೆಯುವ ಯಂತ್ರಗಳ ಗಡಗಡದ ನಡುವೆ ಬೆಳೆದವರು ಅವರೆಲ್ಲ. ಮೆಲ್ಲಗೆ ಆಡಿದರೆ ಯಾರಿಗೆ ಕೇಳಬೇಕು. ಮೊದಲ ವಾರವೇ ಅಕ್ಕ ಬಂದು, ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ‘ಕಾನ್ವೆಂಟಂತೆ. ಸಾರು ಮಾಡಕ್ಕೆ ಬರುತ್ತೇನಮ್ಮ, ಇಲ್ಲಾ ಅದನ್ನೂ ಇಂಗ್ಲಿಷಲ್ಲೇ ಮಾಡ್ತೀಯೋ?’ ಎಂದರು. ಅಂದಿನಿಂದ ನಾನು ಅವರ ಬಾಯಲ್ಲಿ ಕಾನ್ವೆಂಟಮ್ಮ. ನನ್ನ ಹೆಸರು ಅವರಿಗೆ ಗೊತ್ತಿತ್ತೋ ಇಲ್ಲವೋ ಕೊನೆಯವರೆಗೂ ನನಗೆ ತಿಳಿಯಲಿಲ್ಲ.

ಅವರ ತವರು ದಿಬ್ಬೂರಹಳ್ಳಿ. ಸಿಟ್ಟು ಬಂದರೆ ಕನ್ನಡ, ಬಹಳ ಸಿಟ್ಟು ಬಂದರೆ ತೆಲುಗು. ಯಾವ ವಿಷಯವಾದರೂ ಅವರಿಗೆ ಅಭಿಪ್ರಾಯವಿರುತ್ತಿತ್ತು, ಮುಕ್ಕಾಲು ಪಾಲು ತಪ್ಪು. ಮಾತಿಗೆ ಮೊದಲು ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿದರೆಂದರೆ ಇದು ಬೇಗ ಮುಗಿಯುವುದಲ್ಲ ಎಂದು ನಾವು ಕೂತುಬಿಡುತ್ತಿದ್ದೆವು. ‘ಬೇಯಿಸಿದ ಗೂಡು, ಆಡಬೇಕಾದ ಮಾತು, ಎರಡನ್ನೂ ನಾಳೆಗೆ ಇಡಬಾರದು, ನಾತ ಬರುತ್ತೆ’ ಎನ್ನುವುದು ಅವರ ಗಾದೆ. ಅದನ್ನು ಬೀದಿಯವರಿಗೆಲ್ಲ ಹೇಳಿಕೊಡುತ್ತಿದ್ದ ಅಕ್ಕ, ಸ್ವಂತ ಓರಗಿತ್ತಿಯ ಜೊತೆ ವರ್ಷಗಳಿಂದ ಒಂದು ಮಾತೂ ಆಡಿರಲಿಲ್ಲ.

ಓರಗಿತ್ತಿಯನ್ನು, ಎಂದರೆ ಅಕ್ಕನ ಮೈದುನನ ಹೆಂಡತಿಯನ್ನು, ನಾವೆಲ್ಲ ಚಿಕ್ಕಕ್ಕ ಎನ್ನುತ್ತಿದ್ದೆವು. ಮೊದಲು ಅವರದೆಲ್ಲ ಒಂದೇ ಮನೆ, ಒಂದೇ ಒಲೆ, ಹಿತ್ತಲಲ್ಲಿ ಹುಳು ಸಾಕುವ ಮನೆ. ಅಡುಗೆಮನೆ ಅಕ್ಕನದು, ಹುಳುಮನೆ ಚಿಕ್ಕಕ್ಕನದು. ರೇಷ್ಮೆ ಹುಳುವಿನಷ್ಟು ನಾಜೂಕು ಜೀವ ಇನ್ನೊಂದಿಲ್ಲ. ಅದರ ಹತ್ತಿರ ಬೀಡಿ ಸೇದುವ ಹಾಗಿಲ್ಲ, ಅತ್ತರು ಪೂಸಿಕೊಂಡು ಹೋಗುವ ಹಾಗಿಲ್ಲ, ಘಾಟಿನ ಒಗ್ಗರಣೆ ಹಾಕುವ ಹಾಗಿಲ್ಲ. ಒಂದು ಸಲ ಹುಳುಗಳು ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕು ಎನ್ನುವಾಗ ಸಪ್ಪೆರೋಗ ಬಂದು ಬೆಳೆಯೆಲ್ಲ ಹೋಯಿತು. ರೇಷ್ಮೆ ಇಲಾಖೆಯವರು ಬಂದು ನೋಡಿ, ಒದ್ದೆ ಸೊಪ್ಪು ಹಾಕಿದ್ದೀರಿ ಎಂದು ಹೇಳಿ ಹೋದರು. ಅವರ ಮಾತನ್ನು ಯಾರು ಕೇಳುತ್ತಾರೆ? ಆ ವಾರ ಅಕ್ಕ ಸಾರಿನ ಪುಡಿಗೆ ಒಣಮೆಣಸಿನಕಾಯಿ ಹುರಿದಿದ್ದರು. ಬಂದ ನೆಂಟರ ಮುಂದೆ ಚಿಕ್ಕಕ್ಕ, ಹುಳ ಹೋಗಿದ್ದು ಸೊಪ್ಪಿನಿಂದಲ್ಲ, ಅಕ್ಕನ ಬಾಣಲೆಯಿಂದ ಎಂದುಬಿಟ್ಟರು.

ಅಷ್ಟೇ. ಅಣ್ಣತಮ್ಮಂದಿರು ಭಾಗವಾದರು. ಹಿತ್ತಲ ನಡುವೆ ಆಳೆತ್ತರಕ್ಕಿಂತ ಎತ್ತರದ ಗೋಡೆಯನ್ನು ಅಕ್ಕನೇ ಬಿಸಿಲಲ್ಲಿ ನಿಂತು ಕಟ್ಟಿಸಿದರು. ತಮಾಷೆಯೆಂದರೆ ಅಣ್ಣತಮ್ಮಂದಿರ ನಡುವೆ ಏನೂ ಇರಲಿಲ್ಲ. ಇಬ್ಬರೂ ಒಂದೇ ಸ್ಕೂಟರಿನಲ್ಲಿ ಗೂಡಿನ ಮಾರ್ಕೆಟ್ಟಿಗೆ ಹೋಗಿ, ಒಂದು ಟೀಯನ್ನು ಇಬ್ಬರೂ ಹಂಚಿಕೊಂಡು ಕುಡಿದು ಬರುತ್ತಿದ್ದರು. ಹಬ್ಬಕ್ಕೆ ಅಕ್ಕ ಒಬ್ಬಟ್ಟು ಮಾಡಿದರೆ ಡಬ್ಬಿ ಆ ಸ್ಕೂಟರಿನಲ್ಲೇ ಬೀದಿ ಸುತ್ತಿ ಚಿಕ್ಕಕ್ಕನ ಮನೆ ಸೇರುತ್ತಿತ್ತು. ಕೂಗಿದರೆ ಕೇಳುವ ದೂರದ ಮನೆಗೆ ಒಬ್ಬಟ್ಟು ಪೆಟ್ರೋಲು ಸುಟ್ಟುಕೊಂಡು ಹೋಗುತ್ತದೆ ಎಂದು ಬೀದಿಯವರು ನಗುತ್ತಿದ್ದರು.

ಕೊರೊನಾ ಬರುವುದಕ್ಕೆ ಮುಂಚೆ, ನಮ್ಮೂರಿನ ನೂಲು ತೆಗೆಯುವ ರೀಲರುಗಳ ಒಂದು ಗುಂಪು, ನಮ್ಮವರೂ ಅಕ್ಕನ ಯಜಮಾನರೂ ಸೇರಿ, ಹೊಸ ಯಂತ್ರಗಳನ್ನು ನೋಡಲು ಚೀನಾಕ್ಕೆ ಹೊರಟಿತು. ಹೆಂಡಂದಿರೂ ಬರಬಹುದು ಎಂದರು. ನಾನು ಹೆದರುತ್ತ ಹೂಂ ಎಂದೆ, ಅಕ್ಕ ಹೆದರದೆ ಹೂಂ ಎಂದರು. ಮೈದುನನ ಮನೆಯವರೂ ಬರುತ್ತಾರೇನು ಎಂದು ಅಕ್ಕ ತಮ್ಮ ಯಜಮಾನರನ್ನು ಕೇಳಿದಾಗ ನಾನು ಅಲ್ಲೇ ಇದ್ದೆ. ಅವಳಿಗೆ ಹುಳು ಹಣ್ಣಾಗೋ ಸಮಯ, ಬರಲ್ಲವಂತೆ ಎಂದು ಅವರು ಹೇಳಿದರೆ, ‘ಯಾರು ಕೇಳಿದ್ರು ಇವರನ್ನ?’ ಎಂದು ಅಕ್ಕ ನನ್ನ ಕಡೆ ತಿರುಗಿದರು.

ನಾವು ಹೋದ ಊರು ಸೂಚೌ. ಅದೂ ರೇಷ್ಮೆಯ ಊರೇ. ಗಂಡಸರೆಲ್ಲ ಯಂತ್ರದ ಕಾರ್ಖಾನೆಗೆ ಹೋದ ದಿನ ಹೆಂಗಸರನ್ನು ಒಬ್ಬ ಗೈಡ್ ಹುಡುಗಿ ಹಳೆಯ ತೋಟವೊಂದಕ್ಕೆ ಕರೆದುಕೊಂಡು ಹೋದಳು. ನೂರಾರು ವರ್ಷಗಳ ಹಿಂದೆ, ರಾಜನ ಕೆಲಸ ಸಾಕೆನಿಸಿ ಬಂದ ಒಬ್ಬ ದೊಡ್ಡ ಅಧಿಕಾರಿ ತನಗಾಗಿ ಕಟ್ಟಿಸಿಕೊಂಡದ್ದಂತೆ. ಹೊರಗಿನಿಂದ ನೋಡಿದರೆ ಬಿಳಿ ಗೋಡೆ, ಅದರಲ್ಲೊಂದು ಸಣ್ಣ ಬಾಗಿಲು. ಒಳಗೆ ಹೋದರೆ ಕೊಳ, ಕೊಳದ ಸುತ್ತ ಕಲ್ಲುಗಳು, ಹೆಂಚಿನ ಮೂಲೆಗಳು ಮೇಲಕ್ಕೆ ಬಾಗಿದ ಮಂಟಪಗಳು. ಕಪ್ಪು ಹೆಂಚಿನ ಸಂದಿನಲ್ಲಿ ಹಾವಸೆ ಬೆಳೆದಿತ್ತು. ನೆಲಕ್ಕೆ ಚೂರು ಕಲ್ಲುಗಳನ್ನು ಹೂವಿನ ಹಾಗೆ ಜೋಡಿಸಿದ್ದರು. ನಾನು ಅದರ ಮೇಲೆ ಕಾಲಿಡಲು ಹಿಂಜರಿಯುತ್ತ ಅಂಚಿನಲ್ಲೇ ನಡೆದೆ.

ಅಕ್ಕ ನಡುವೆ ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿದರು. ನಮ್ಮ ಕಡೆ ತೋಟವೆಂದರೆ ಹಿಪ್ಪುನೇರಳೆ ತೋಟ. ವರ್ಷಕ್ಕೆ ಇಷ್ಟು ಬೆಳೆ ಎಂದು ಲೆಕ್ಕ. ‘ಕೇಳೇ ಅವಳನ್ನ, ಈ ತೋಟ ವರ್ಷಕ್ಕೆ ಎಷ್ಟು ಬೆಳೆ ಕೊಡುತ್ತೆ ಅಂತ’ ಎಂದರು. ನಾನು ಸಂಕೋಚದಿಂದಲೇ ಇಂಗ್ಲಿಷಿನಲ್ಲಿ ಕೇಳಿದೆ. ಗೈಡ್ ಸ್ವಲ್ಪ ಹೊತ್ತು ಯೋಚಿಸಿ, ಇಲ್ಲಿ ಏನೂ ಬೆಳೆಯುವುದಿಲ್ಲ, ನೋಡುವುದಕ್ಕೆ ಮಾತ್ರ ಎಂದಳು. ಅಕ್ಕ ಅಧಿಕಾರಿಯ ಬಗ್ಗೆ ಮರುಕದಿಂದ ತಲೆಯಾಡಿಸಿದರು. ಕೆಲಸ ಬಿಟ್ಟು ಬಂದವನಿಗೆ ಯಾರಾದರೂ ಬುದ್ಧಿ ಹೇಳುವುದಲ್ಲವೇ ಎಂದರು.

ಕೊಳದ ಹತ್ತಿರ ತೂತುತೂತಾದ ಒಂದು ದೊಡ್ಡ ಕಲ್ಲನ್ನು ನಿಲ್ಲಿಸಿದ್ದರು. ಇಂಥ ಕಲ್ಲುಗಳನ್ನು ಕೆರೆಯಲ್ಲಿ ಮುಳುಗಿಸಿಟ್ಟು, ನೀರು ಅವನ್ನು ಕೊರೆಯಲಿ ಎಂದು ಅಪ್ಪ ಹಾಕಿದ್ದನ್ನು ಮಗ ತೆಗೆಯುತ್ತಿದ್ದನಂತೆ. ಪೆರೇಸಂದ್ರದ ಕಡೆ ಬಂಡೆಗಳು ಜಲ್ಲಿಯಾಗಿ ಲಾರಿ ಹತ್ತುವುದನ್ನು ನೋಡಿದ ನಮ್ಮವರಿಗೆ ಇದು ಬಹಳ ಸೋಜಿಗ. ಒಬ್ಬೊಬ್ಬರಾಗಿ ಮುಟ್ಟಿ ನೋಡಲು ಹೋಗಿ ಕಾವಲಿನವನ ಕೈಲಿ ಬೈಸಿಕೊಂಡರು. ನೀರಿನ ಮೇಲಿನ ಸೇತುವೆ ನೇರವಾಗಿರಲಿಲ್ಲ, ಅಲ್ಲಲ್ಲಿ ಮುರಿದು ತಿರುಗುತ್ತಿತ್ತು. ದೆವ್ವಗಳಿಗೆ ತಿರುಗಲು ಬರುವುದಿಲ್ಲ, ಅದಕ್ಕೇ ಹೀಗೆ ಎಂದು ಗೈಡ್ ಹೇಳಿದಳು. ‘ನಮ್ಮ ಕಡೆ ದೆವ್ವಗಳು ಬೈಪಾಸಲ್ಲೇ ತಿರುಗ್ತವೆ, ಹೇಳು ಅವಳಿಗೆ’ ಎಂದರು ಅಕ್ಕ. ನಾನು ಹೇಳಲಿಲ್ಲ. ಬೈಪಾಸಿನ ದೆವ್ವವನ್ನು ಕಾನ್ವೆಂಟಿನ ಇಂಗ್ಲಿಷಿಗೆ ಹೇಗೆ ತರುವುದು?

ಆಮೇಲೆ ಒಂದು ಉದ್ದನೆಯ ಮೊಗಸಾಲೆ ಬಂತು. ನಡುವೆ ಗೋಡೆ, ಗೋಡೆಯ ಎರಡೂ ಪಕ್ಕದಲ್ಲಿ ನಡೆಯುವ ದಾರಿ. ಗೋಡೆಯಲ್ಲಿ ಸಾಲಾಗಿ ಕಿಟಕಿಗಳು. ಬಾಗಿಲಿಲ್ಲ, ಸರಳಿಲ್ಲ, ಬರಿಯ ಜಾಲಿ. ಒಂದರ ಚಿತ್ತಾರ ಇನ್ನೊಂದಕ್ಕಿಲ್ಲ. ಒಂದರಲ್ಲಿ ಹೂವು, ಒಂದರಲ್ಲಿ ಬಿದಿರು, ಒಂದರಲ್ಲಿ ಒಡೆದ ಮಂಜುಗಡ್ಡೆ. ಆ ಮಂಜುಗಡ್ಡೆಯ ಚಿತ್ತಾರ ನಮಗೆಲ್ಲ ಬೇಸಿಗೆಯಲ್ಲಿ ಬತ್ತಿ ಬಿರುಕುಬಿಟ್ಟ ಕೆರೆಯ ಅಂಗಳದ ಹಾಗೆ ಕಂಡಿತು. ನಡೆಯುತ್ತಿದ್ದರೆ ಆ ಕಡೆಯ ಮರ, ನೀರು, ಮನುಷ್ಯರು ಎಲ್ಲ ಚೂರುಚೂರಾಗಿ ಕಾಣುತ್ತ ನಮ್ಮ ಜೊತೆಯೇ ಬರುತ್ತಾರೆ.

ಅಕ್ಕನಿಗೆ ಕಾಲು ನೋವು. ಕಿಟಕಿಯ ಪಕ್ಕದ ಕಟ್ಟೆಯ ಮೇಲೆ ಕೂತರು, ನಾನೂ ಕೂತೆ. ಆ ಕಡೆ ಇಬ್ಬರು ಚೀನೀ ಮುದುಕಿಯರು ಕೂತು ಜಗಳವಾಡುತ್ತಿದ್ದರು. ಅಕ್ಕ ಜಾಲಿಗೆ ಮುಖವಿಟ್ಟು ನೋಡಿ ನನಗೆ ಅರ್ಥ ಹೇಳತೊಡಗಿದರು. ‘ಆ ದಪ್ಪಗಿರೋಳು ದೊಡ್ಡೋಳು. ಇವಳು ಚಿಕ್ಕೋಳು. ಅಷ್ಟು ಬೆಳಿಗ್ಗೆ ಎಬ್ಬಿಸಿದ್ದು ಯಾಕೆ ಅಂತ ಇವಳು. ನಿನ್ನ ಕಾಯ್ಕೊಂಡ್ರೆ ಮಧ್ಯಾಹ್ನ ಆಗ್ತಿತ್ತು ಅಂತ ಅವಳು. ನೋಡು, ಈಗ ತವರು ಮನೆ ಸುದ್ದಿ ತೆಗೀತಾಳೆ.’ ನಿಜವಾಗಿಯೂ ಚಿಕ್ಕವಳು ಕೈಯನ್ನು ದೂರಕ್ಕೆ ತೋರಿಸಿ ಏನೋ ಹೇಳಿದಳು, ದೊಡ್ಡವಳು ಮುಖ ತಿರುಗಿಸಿದಳು. ‘ತೆಗೆದ್ಲು’ ಎಂದರು ಅಕ್ಕ.

ನಾನು ಗೈಡನ್ನು ಕರೆದು ಅವರು ಏನು ಮಾತಾಡುತ್ತಿದ್ದಾರೆ ಎಂದು ಕೇಳಿದೆ. ಅವಳು ನಕ್ಕು, ತಾನು ಉತ್ತರದ ಕಡೆಯವಳು, ಈ ಊರಿನ ಹಳಬರ ಭಾಷೆ ತನಗೂ ತಿಳಿಯುವುದಿಲ್ಲ ಎಂದಳು. ಅಕ್ಕನ ಮುಖ ಅರಳಿತು. ಇನ್ನು ಅವರ ಅನುವಾದವನ್ನು ಪ್ರಶ್ನಿಸುವವರೇ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ದಪ್ಪಗಿನ ಮುದುಕಿ ಚೀಲದಿಂದ ಒಂದು ಕಿತ್ತಳೆ ತೆಗೆದು ಸುಲಿದಳು. ಅರ್ಧವನ್ನು, ಮುಖ ಆ ಕಡೆಗೇ ಇಟ್ಟುಕೊಂಡು, ಇನ್ನೊಬ್ಬಳ ಕಡೆಗೆ ಚಾಚಿದಳು. ಅವಳು ಬೈಯುತ್ತಲೇ ತೆಗೆದುಕೊಂಡಳು, ಬೈಯುತ್ತಲೇ ತಿಂದಳು. ನಾನು ಅರ್ಥಕ್ಕಾಗಿ ಅಕ್ಕನ ಕಡೆ ನೋಡಿದೆ. ಅಕ್ಕ ಜಾಲಿ ಹಿಡಿದ ಬೆರಳುಗಳನ್ನು ತೆಗೆಯದೆ ಆ ಕಿತ್ತಳೆಯನ್ನೇ ನೋಡುತ್ತಿದ್ದರು. ಹೊರಡುವ ಹೊತ್ತಿಗೆ, ‘ಕಾನ್ವೆಂಟಮ್ಮ, ಈ ಬಿರುಕಿನ ಕಿಟಕಿದು ಒಂದು ಫೋಟೋ ಹೊಡಿ. ಹತ್ತಿರದಿಂದ. ನಾನು ಬ್ಯಾಡ, ಕಿಟಕಿ ಮಾತ್ರ’ ಎಂದರು. ತಾವಿಲ್ಲದ ಫೋಟೋವನ್ನು ಅಕ್ಕ ಕೇಳಿದ್ದು ಅದೊಂದೇ ಸಲ.

ಊರಿಗೆ ಬಂದು ಸುಸ್ತು ಆರುವ ಮೊದಲೇ ಚಿಂತಾಮಣಿಯಿಂದ ಗಾರೆ ಮೇಸ್ತ್ರಿ ಬಂದ. ಹಿತ್ತಲ ಗೋಡೆಯ ನಡುವೆ, ನಿಂತರೆ ಮುಖಕ್ಕೆ ಸರಿಯಾಗುವಂತೆ, ಕಿಟಕಿ ಇಡಬೇಕು ಎಂದರು ಅಕ್ಕ. ಕೇಳಿದವರಿಗೆಲ್ಲ ಕರಿಬೇವಿನ ಗಿಡಕ್ಕೆ ಗಾಳಿ ಬೇಕು ಎಂಬ ಉತ್ತರ. ಅವರ ಯಜಮಾನರು ಮಾತ್ರ ಪೇಪರು ಮಡಿಸಿ, ‘ಗೋಡೆ ಕಟ್ಟಿಸಿದೋಳೂ ನೀನೇ, ತೂತು ಕೊರೆಸೋಳೂ ನೀನೇ. ನಾವು ಗಂಡಸರು ಸ್ಕೂಟರ್ ಓಡಿಸ್ಕೊಂಡು ಇರ್ತೀವಿ’ ಎಂದು ಹೊರಟುಹೋದರು.

ಮೇಸ್ತ್ರಿ ನನ್ನ ಫೋನಿನ ಫೋಟೋವನ್ನು ತಿರುಗಿಸಿ ತಿರುಗಿಸಿ ನೋಡಿದ. ವೆಂಟಿಲೇಟರಿಗೆ ಹಾಕುವ ಹೂವಿನ ಜಾಲಿ ಸಿಗುತ್ತದೆ, ಅದನ್ನೇ ಇಡುತ್ತೇನೆ ಎಂದ. ಅಕ್ಕ ಒಪ್ಪಲಿಲ್ಲ. ‘ಅಮ್ಮಾ, ಬಿರುಕು ಮುಚ್ಚೋದು ನನ್ನ ಕಸುಬು. ನೀವು ಬಿರುಕು ಮಾಡಿಕೊಡು ಅಂತೀರಲ್ಲ’ ಎಂದು ಗೊಣಗುತ್ತಲೇ ಕಬ್ಬಿಣದ ಸಣ್ಣ ಸರಳು ಬಗ್ಗಿಸಿ, ಸಿಮೆಂಟು ಮೆತ್ತಿ, ಅಂತೂ ಮಾಡಿದ. ಸೂಚೌದ ಕಿಟಕಿಯ ನಾಜೂಕು ಅದಕ್ಕಿರಲಿಲ್ಲ. ಆದರೂ ದೂರದಿಂದ ನೋಡಿದರೆ ಯಾವುದರ ನಕಲು ಎಂದು ಗೊತ್ತಾಗುತ್ತಿತ್ತು. ಆ ಕಡೆ ಹೋಗಿ ಗಿಲಾವು ಮಾಡಿ ಬರಲೇ ಎಂದು ಅವನು ಕೇಳಿದಾಗ ಮಾತ್ರ ಅಕ್ಕ ಬಿಗಿಯಾದರು. ಆ ಮನೆಯವರನ್ನು ಕೇಳದೆ ಹೋಗುವಂತಿಲ್ಲ, ಕೇಳುವುದಂತೂ ಆಗುವುದಿಲ್ಲ. ಮೇಸ್ತ್ರಿ ಈ ಕಡೆಯಿಂದಲೇ ಕೈಗೆಟುಕಿದಷ್ಟು ಮಾಡಿ ಹೋದ.

ಮರುದಿನವೇ ಆ ಕಡೆಯಿಂದ ಕಿಟಕಿಗೆ ಒಂದು ದುಪ್ಪಟಿ ಬಿತ್ತು. ನೀಲಿ ಗೆರೆಯ ಹಳೆಯ ದುಪ್ಪಟಿ. ಬೀದಿಯೆಲ್ಲ ನೋಡಿತು. ಅಕ್ಕ ಏನೂ ಆಗದವರಂತೆ ಹಿತ್ತಲಲ್ಲೇ ಓಡಾಡಿಕೊಂಡಿದ್ದರು. ಆದರೆ ಹಿತ್ತಲಲ್ಲಿ ಅವರಿಗೆ ಎಂದೂ ಇಲ್ಲದ ಕೆಲಸಗಳು ಹುಟ್ಟಿಕೊಂಡವು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಸೊಪ್ಪು ಬಿಡಿಸುವುದು, ಅಕ್ಕಿ ಆರಿಸುವುದು, ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುವುದು. ನಾನು ಹೋದರೆ ನನ್ನ ಜೊತೆ ಮಾತಾಡುತ್ತಿದ್ದರು, ಕಣ್ಣು ದುಪ್ಪಟಿಯ ಮೇಲೆ. ಚೀನಾದ ತೋಟದ ಕಥೆಯನ್ನು, ಅದನ್ನು ಕಣ್ಣಾರೆ ನೋಡಿ ಬಂದ ನನಗೇ, ಬೇಕೆಂದೇ ಗಟ್ಟಿಯಾಗಿ ಹೇಳುತ್ತಿದ್ದರು. ಒಂದು ಸಲ ದುಪ್ಪಟಿಯ ಆ ಕಡೆ ಯಾರೋ ನಕ್ಕ ಹಾಗಾಯಿತು. ಕಥೆ ಬೈಪಾಸಿನ ದೆವ್ವದ ಹತ್ತಿರ ಬಂದಿತ್ತು. ಅಕ್ಕ ಕಥೆ ನಿಲ್ಲಿಸಿ ಕಾದರು. ಮತ್ತೇನೂ ಕೇಳಲಿಲ್ಲ. ‘ಪೋನೀ ಲೇ’, ಹೋಗಲಿ ಬಿಡು, ಎಂದು ಮೊರ ಎತ್ತಿಕೊಂಡು ಒಳಗೆ ಹೋದರು. ಸಿಟ್ಟಿನ ತೆಲುಗಲ್ಲ ಅದು. ಆ ದನಿಯನ್ನು ನಾನು ಅವರಲ್ಲಿ ಕೇಳಿಯೇ ಇರಲಿಲ್ಲ. ಅವರು ಇನ್ನು ಆ ಕಿಟಕಿಯನ್ನು ಇಟ್ಟಿಗೆ ಹಾಕಿ ಮುಚ್ಚಿಸಿಬಿಡುತ್ತಾರೆ ಎಂದು ನನಗೆ ಭಯವಾಯಿತು. ಅದಕ್ಕೆಂದು ಅಕ್ಕ ಮೇಸ್ತ್ರಿಗೆ ಫೋನು ಮಾಡಿ ಬರಹೇಳಿದ್ದೂ ಹೌದು.

ಅವನು ಬರಬೇಕಾದ ಬೆಳಿಗ್ಗೆ ನಾನು ಅಲ್ಲೇ ಇದ್ದೆ. ಅಕ್ಕ ಕಲ್ಲಿನ ಮೇಲೆ ಕೂತಿದ್ದರು. ದುಪ್ಪಟಿ ಒಂದು ಮೂಲೆಯಿಂದ ಸರಿಯಿತು. ಜಾಲಿಯ ಬಿರುಕುಗಳಲ್ಲಿ ಚಿಕ್ಕಕ್ಕನ ಒಂದು ಕಣ್ಣು, ಮೂಗುಬಟ್ಟು, ಅರ್ಧ ಬಾಯಿ ಕಂಡವು.

‘ಅಕ್ಕಾ, ಈ ಕಿಟಕಿ ಸೊಟ್ಟಗೈತೆ.’

ಅಕ್ಕ ಎದ್ದು ನಿಂತು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ‘ಯಾರೇ ಅಂದೋರು ಸೊಟ್ಟ ಅಂತ? ರಸಮಟ್ಟ ಇಟ್ಟು ಕೂರಿಸಿರೋದು.’

‘ನಿಮ್ಮ ಕಡೆ ನೆಟ್ಟಗಿರಬೋದು. ನಮ್ಮ ಕಡೆ ಎಡಕ್ಕೆ ವಾಲೈತೆ. ಸಿಮೆಂಟು ಬೇರೆ ಬಾಯಿಬಿಟ್ಕೊಂಡು ನಿಂತೈತೆ. ಪಾತ್ರೆ ತೊಳೆಯುವಾಗ ದಿನಾ ಇದನ್ನೇ ನೋಡಿ ನೋಡಿ ನನ್ನ ಕತ್ತೂ ವಾಲ್ತಾ ಐತೆ.’

‘ದುಪ್ಪಟಿ ಹಾಕಿದ್ಯಲ್ಲ, ದಿನಾ ಹೆಂಗೆ ನೋಡ್ದೆ?’

ಆ ಕಡೆ ದುಪ್ಪಟಿಯ ಮೂಲೆಯನ್ನು ಕೊಡವಿದ ಸದ್ದಾಯಿತು. ಆಮೇಲೆ, ‘ದುಪ್ಪಟಿ ಒಗೀಬೇಕಲ್ಲ ಅಕ್ಕ’ ಎಂದರು ಚಿಕ್ಕಕ್ಕ.

ಅಷ್ಟರಲ್ಲಿ ಮೇಸ್ತ್ರಿ ಬಂದ. ಮುಚ್ಚುವುದಕ್ಕೆ ಕರೆದಿದ್ದು ಎಂದು ಅವನೂ ಹೇಳಲಿಲ್ಲ, ಅಕ್ಕನೂ ನೆನಪಿಸಲಿಲ್ಲ. ಸ್ಟೂಲು ಹತ್ತಿ ರಸಮಟ್ಟ ಇಟ್ಟ. ನೆಟ್ಟಗಿದೆ ಎಂದ. ಆ ಕಡೆಯಿಂದ ಚಿಕ್ಕಕ್ಕ, ಎಡಗಡೆ ಒಂದಿಷ್ಟು ಎತ್ತು ಎಂದರು. ಅವರ ಎಡ ಇವನ ಬಲ. ಈ ಕಡೆಯಿಂದ ಅಕ್ಕ, ಅವಳ ಮಾತು ಕೇಳಬೇಡ, ಬಲಗಡೆ ಇಳಿಸು ಎಂದರು. ಅವನು ಎರಡು ಕಡೆಯ ಮಾತನ್ನೂ ಒಂದಷ್ಟು ಹೊತ್ತು ಕೇಳಿ, ಕರಣೆಯನ್ನು ಬಾಂಡಲಿಗೆ ಹಾಕಿ ಸ್ಟೂಲಿನ ಮೇಲೆ ಕೂತುಬಿಟ್ಟ. ‘ಅಮ್ಮಾ, ನೀವಿಬ್ರೂ ಒಂದೇ ಕಡೆ ನಿಂತ್ಕೊಂಡು ಹೇಳಿ. ಆಗ ನಂಗೂ ಗೊತ್ತಾಗುತ್ತೆ’ ಎಂದ.

ಜಾಲಿಯಿಂದ ಚಿಕ್ಕಕ್ಕನ ಕಣ್ಣು ಮರೆಯಾಯಿತು. ಆ ಕಡೆ ಹೆಜ್ಜೆಯ ಸದ್ದು ದೂರವಾಯಿತು, ಬಾಗಿಲು ಹಾಕಿಕೊಂಡ ಸದ್ದು ಕೇಳಿತು. ಅಕ್ಕ ಸೊಂಟದಿಂದ ಸೆರಗು ಬಿಡಿಸಿ ಕೈ ಒರೆಸಿಕೊಂಡರು. ಒದ್ದೆಯಿರಲಿಲ್ಲ ಕೈ. ಮೇಸ್ತ್ರಿ ನನ್ನ ಮುಖ ನೋಡಿದ, ನಾನು ನೆಲ ನೋಡಿದೆ.

ಆಗ ನಮ್ಮ ಹಿಂದೆ, ಬೀದಿ ಕಡೆಯ ಗೇಟಿನ ಚಿಲಕದ ಸದ್ದಾಯಿತು. ಚಿಕ್ಕಕ್ಕ ಬೀದಿ ಸುತ್ತಿಕೊಂಡು, ಮುಂಬಾಗಿಲಿನಿಂದ ಒಳಗೆ ಬಂದು, ನಡುಮನೆ ದಾಟಿ, ಹಿತ್ತಲ ಬಾಗಿಲಲ್ಲಿ ನಿಂತರು. ಕೈಗೆ ಪಾತ್ರೆ ತೊಳೆಯುವ ಸೋಪಿನ ನೊರೆ ಇನ್ನೂ ಮೆತ್ತಿಕೊಂಡಿತ್ತು. ಅಕ್ಕ ತಿರುಗಿ ನೋಡಲಿಲ್ಲ. ಗೋಡೆಯ ಕಡೆಗೇ ಮುಖ ಮಾಡಿಕೊಂಡು, ‘ಬಾ. ಎಲ್ಲಿ ವಾಲೈತೆ ತೋರ್ಸು’ ಎಂದರು.

ಚಿಕ್ಕಕ್ಕ ಬಂದು ಅವರ ಪಕ್ಕದಲ್ಲಿ ನಿಂತರು. ತಲೆಯನ್ನು ಆ ಕಡೆ ವಾಲಿಸಿ ನೋಡಿದರು, ಈ ಕಡೆ ವಾಲಿಸಿ ನೋಡಿದರು.

‘ಇಲ್ಲಿಂದ ನೆಟ್ಟಗೇ ಐತೆ’ ಎಂದರು.

‘ಅಷ್ಟು ಬೇಗ ಹೆಂಗೆ ಗೊತ್ತಾಗುತ್ತೆ?’ ಎಂದು ಅಕ್ಕ ಕಲ್ಲಿನ ಮೇಲೆ ಒಂದಿಷ್ಟು ಸರಿದು ಕೂತು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದರು. ‘ಕೂತ್ಕೊ. ಕೂತ್ಕೊಂಡು ಸರಿಯಾಗಿ ನೋಡು.’